ಹಗಲು ಹೇಳಿದ ಅರ್ಧ ಕಥೆ

ಮಾವ ತೀರಿಕೊಂಡ ಮಧ್ಯಾಹ್ನ ನಾನು ವಿಜಯಪುರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದೆ. ಕಥೆ ಹೇಳುವುದೇ ಈಗ ನನ್ನ ಕೆಲಸ. ಇದನ್ನು ಕೆಲಸ ಅಂದರೆ ಜನ ನಗುತ್ತಾರೆ, ನಗಲಿ. ಶಾಲೆಯವರು ಕರೆಯುತ್ತಾರೆ, ಹೋಗುತ್ತೇನೆ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬಾಯಿಂದಲೇ ಹೇಳುತ್ತೇನೆ. ಕೈಯಲ್ಲಿ ಪುಸ್ತಕ ಹಿಡಿಯುವುದಿಲ್ಲ. ಆ ದಿನ ಚೀಲದೊಳಗೆ ಫೋನು ಗುರ್ ಗುರ್ ಅನ್ನುತ್ತಲೇ ಇತ್ತು. ಕಥೆಯ ನಡುವೆ ಫೋನು ತೆಗೆಯುವ ಮಾಸ್ತರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಹಾಗಾಗಿ ನಾನೂ ತೆಗೆಯಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಕಥೆ ಮುಗಿಸಿ, ಮಕ್ಕಳ ಚಪ್ಪಾಳೆ ಕೇಳಿ, ವರಾಂಡಕ್ಕೆ ಬಂದು ನೋಡಿದರೆ ಬಬಲೇಶ್ವರದಿಂದ ಅಕ್ಕನ ಕರೆಗಳು ಸಾಲುಗಟ್ಟಿದ್ದವು.

ಮಾವ ಅಂದರೆ ಅಕ್ಕನ ಗಂಡ. ಅದಕ್ಕೂ ಮೊದಲು ನಮ್ಮವ್ವನ ತಮ್ಮ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸತಲ್ಲ, ಅಕ್ಕನನ್ನು ಕೊಟ್ಟರು. ಬಬಲೇಶ್ವರದ ಸಂತೆ ಬೀದಿಯಲ್ಲಿ ಅವನದು ಹಗ್ಗದ ಅಂಗಡಿ. ದನ ಕಟ್ಟುವ ಹಗ್ಗ, ಮೂಗುದಾಣ, ಬಾರುಕೋಲು, ಬಾವಿ ಹಗ್ಗ, ಇತ್ತೀಚೆಗೆ ನೀಲಿ ಬಣ್ಣದ ನೈಲಾನು. ಸಂಜೆ ಅಂಗಡಿ ಮುಚ್ಚಿ ಬಂದು ಉಂಡು ಮಂಚದ ಮೇಲೆ ಅಡ್ಡಾದನೆಂದರೆ ಅಕ್ಕ ಕಥೆ ಶುರು ಮಾಡಬೇಕು. ಅವನು ಹೂಂ ಅನ್ನಬೇಕು.

ಕಥೆ ಕೇಳುವವರು ಹೂಂಗುಟ್ಟಬೇಕು ಎನ್ನುವುದು ನಮ್ಮ ಮನೆಯ ಮೊದಲ ನೇಮ. ಹೂಂ ನಿಂತಿತೋ, ಕೇಳುವವರಿಗೆ ನಿದ್ದೆ ಹತ್ತಿತು ಅಂತ ಅರ್ಥ. ಹೇಳುವವರು ಅಲ್ಲಿಗೇ ನಿಲ್ಲಿಸಿ, ಹೊದಿಕೆ ಸರಿಮಾಡಿ, ಸದ್ದಾಗದಂತೆ ಎದ್ದು ಹೋಗಬೇಕು. ಮಾವ ಬರೀ ಹೂಂ ಅನ್ನುವ ಜಾತಿಯವನಲ್ಲ. ಕಥೆಯೊಳಗೆ ಎಲ್ಲಾದರೂ ಹಗ್ಗ ಬಂದರೆ ಸಾಕು, ಎದ್ದು ಕುಳಿತು, “ಎಷ್ಟ ಮಾರಿನ ಹಗ್ಗ?” ಅಂತ ಕೇಳುತ್ತಿದ್ದ. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು. ರಾಜಕುಮಾರಿ ಏಳು ಉಪ್ಪರಿಗೆಯ ಮೇಲಿಂದ ಹಗ್ಗ ಇಳಿಬಿಟ್ಟರೆ ಅಕ್ಕ ಮಾರು ಹೇಳಲೇಬೇಕು, ಇವನು ಅದು ಸಾಲುತ್ತದೋ ಇಲ್ಲವೋ ಅಂತ ತೀರ್ಪು ಕೊಡಲೇಬೇಕು. ಕಥೆ ಕೆಡಿಸುತ್ತಾನೆ ಅಂತ ಅಕ್ಕ ಬೈಯುವಳು. ಬೈಯುತ್ತಲೇ ಪ್ರತಿ ಕಥೆಯಲ್ಲಿ ಎಲ್ಲಿಂದಾದರೂ ಒಂದು ಹಗ್ಗ ತಂದು ಸೇರಿಸುವಳು.

ಎರಡನೆಯ ನೇಮ ಎಲ್ಲರಿಗೂ ಗೊತ್ತಿದ್ದದ್ದೇ. ಹಗಲು ಕಥೆ ಹೇಳಬಾರದು. ಹೇಳಿದರೆ ಹೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ.

ಉಸಿರಿನ ತೊಂದರೆಯಿಂದ ಮಾವ ಹಾಸಿಗೆ ಹಿಡಿದಿದ್ದ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಆ ಮಧ್ಯಾಹ್ನ ನಡೆದದ್ದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದಳೆಂದರೆ ಈಗ ನಾನೇ ಆ ಕೋಣೆಯಲ್ಲಿ ಇದ್ದೆನೇನೋ ಅನ್ನಿಸುತ್ತದೆ. ಊಟ ಸೇರಲಿಲ್ಲ, ನಿದ್ದೆಯೂ ಬರಲಿಲ್ಲ. “ಒಂದ ಕಥಿ ಹೇಳ” ಅಂದ.

“ಹಗಲ ಹೊತ್ನ್ಯಾಗ ಕಥಿ ಹೇಳತಾರೇನ್ರಿ? ಸ್ವಾದರಮಾವ ದಾರಿ ತಪ್ಪತಾನ.”

“ನಿನ್ನ ಸ್ವಾದರಮಾವ ನಾನ ಅಲ್ಲೇನು? ಹಾಸಗ್ಯಾಗ ಬಿದ್ದೇನಿ. ಬಚ್ಚಲಕ್ಕ ಹೋಗಬೇಕಂದ್ರ ನೀ ಕೈ ಹಿಡೀಬೇಕು. ಎಲ್ಲಿ ದಾರಿ ತಪ್ಪಲಿ, ಹೇಳ?”

ಅಕ್ಕ ನಕ್ಕು ಹೇಳತೊಡಗಿದಳು. ಹಗೇವಿನ ಕಥೆ ಅದು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಒಬ್ಬ ಸೊಸೆ ಜೋಳ ತೆಗೆಯಲು ಹಗೇವಿನೊಳಗೆ ಇಳಿಯುತ್ತಾಳೆ, ಜೋಳ ಸರಿಸುತ್ತಾ ಹೋದರೆ ಕೆಳಗೊಂದು ಊರು ಸಿಗುತ್ತದೆ. ಆ ಊರಲ್ಲಿ ಎಲ್ಲರ ಹೊಟ್ಟೆಯೂ ತುಂಬಿದೆ, ಆದರೆ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಅಲ್ಲಿದ್ದು ಇದ್ದು ಅವಳಿಗೆ ತನ್ನ ಮನೆಯೇ ಮರೆಯುತ್ತದೆ. ಮೇಲೆ ಗಂಡ ಹಗೇವಿನ ಬಾಯಿಗೆ ಬಂದು ನಿಂತು ಹಗ್ಗ ಇಳಿಬಿಡುತ್ತಾನೆ.

ಅಲ್ಲಿ ಮಾವ ಮಾರು ಕೇಳಬೇಕಿತ್ತು, ಕೇಳಲಿಲ್ಲ. ಹೂಂ ಕೂಡ ಅನ್ನಲಿಲ್ಲ. ನಿದ್ದೆ ಹತ್ತಿತು ಅಂದುಕೊಂಡು ಅಕ್ಕ ಕಥೆ ನಿಲ್ಲಿಸಿದಳು. ಹೊದಿಕೆ ಸರಿಮಾಡಿದಳು. ಕಣ್ಣಿಗೆ ಬೆಳಕು ಬಿದ್ದೀತೆಂದು ಕಿಟಕಿ ಮುಚ್ಚಿದಳು. ಮಾತಾಡಿಸಲು ಬಂದ ಪಕ್ಕದ ಮನೆಯವರನ್ನು, “ಈಗ ಕಣ್ಣ ಹತ್ಯಾವ, ಆಮ್ಯಾಲ ಬರ್ರಿ” ಅಂತ ಬಾಗಿಲಿಂದಲೇ ಕಳಿಸಿದಳು. ಚಹಾ ಮಾಡಿಕೊಂಡು ಎಬ್ಬಿಸಲು ಹೋದಾಗಲೇ ಅವಳಿಗೆ ಗೊತ್ತಾದದ್ದು.

ದಿನಕರ್ಮಗಳೆಲ್ಲ ಮುಗಿದವು, ಬಂದವರು ಹೋದರು. ಅಕ್ಕ ಅತ್ತು ಸುಧಾರಿಸಿಕೊಳ್ಳುತ್ತಾಳೆ ಅಂತ ನಾವೆಲ್ಲ ತಿಳಿದಿದ್ದೆವು. ಸುಧಾರಿಸಿಕೊಳ್ಳಲಿಲ್ಲ. “ಅತ್ತಿ ಕಥಿ ಅಂದ್ರ ಸಾಕು ಎದ್ದ ಹೋಗ್ತಾರ್ರಿ. ತುತ್ತೂ ಸರಿ ತಿನ್ನಂಗಿಲ್ಲ” ಅಂತ ಅಕ್ಕನ ಸೊಸೆ ಫೋನು ಮಾಡಿದಳು. ನಾನು ಹೋಗಿ ಕೇಳಿದರೆ ಅಕ್ಕನದು ಒಂದೇ ಮಾತು. “ನಾನ ದಾರಿ ತಪ್ಪಿಸಿದೆ. ಹೇಳಬ್ಯಾಡ ಅಂತ ಗೊತ್ತಿದ್ದೂ ಹೇಳಿದೆ. ಅರ್ಧಾ ಬ್ಯಾರೆ ಬಿಟ್ಟೆ.”

ನನಗೆ ಸಿಟ್ಟು ಬಂತು. ದುಃಖಕ್ಕೂ ಒಂದು ಅಳತೆ ಬೇಡವೇ? ಉಸಿರು ಕಟ್ಟಿ ಸತ್ತವನನ್ನು ಕಥೆ ಕೊಂದಿತು ಅಂದರೆ ಏನನ್ನುವುದು? ಡಾಕ್ಟರು ಹೇಳಿದ್ದನ್ನು ಹೇಳಿದೆ, ತಲೆ ಅಲ್ಲಾಡಿಸಿದಳು. ವಯಸ್ಸಿನ ಮಾತು ತೆಗೆದೆ, ಕೇಳಲೇ ಇಲ್ಲ. ಅವಳ ನಂಬಿಕೆಯ ಬುಡಕ್ಕೇ ಕೈ ಹಾಕಬೇಕು, ಅದು ಬರೀ ಗಾದೆ ಅಂತ ತೋರಿಸಬೇಕು ಅಂದುಕೊಂಡೆ. ತೋರಿಸಲು ನನ್ನ ಹತ್ತಿರ ಇದ್ದದ್ದು ಫೋನು.

ಕಥೆ ಹುಡುಕುವುದು ನನಗೆ ಹೊಸತೇನಲ್ಲ. ಅಕ್ಕನ ಕಥೆಗಳು ಸಾಲದೆ ಬಂದಾಗ ನಾನು ಮೊದಲಿಂದಲೂ ಇಂಟರ್ನೆಟ್ಟಿನಲ್ಲೇ ಹುಡುಕುವುದು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಒಳಗೆ ಸಿಗ್ನಲ್ ಸಿಗುವುದಿಲ್ಲ, ಮಾಳಿಗೆ ಹತ್ತಬೇಕು. ಹತ್ತಿ ಕುಳಿತು ಜಾನಪದ ಕಥೆ ಅಂತ ಬರೆದರೆ ಸಾಕು, ರೆಪ್ಪೆಗೆ ಕಾಡಿಗೆ ಹಚ್ಚಿಕೊಂಡ ಕಾರ್ಟೂನು ನರಿಗಳು ಕುಣಿಯುತ್ತಾ ಬರುತ್ತವೆ. ಒಂದೂರಿನಲ್ಲಿ ಒಬ್ಬ ರಾಜನಿದ್ದ ಎನ್ನುವುದನ್ನು ಯಂತ್ರದ ಧ್ವನಿಯೊಂದು ಬಸ್ ಸ್ಟ್ಯಾಂಡಿನ ಮೈಕಿನ ಹಾಗೆ ಒದರುತ್ತದೆ. ತಾಳ್ಮೆಯಿಂದ ಕೆಳಗೆ ಕೆಳಗೆ ಹೋದರೆ ಯಾರೋ ಪುಣ್ಯಾತ್ಮರು ಹಳೆಯ ಪುಸ್ತಕದ ಪುಟಗಳ ಫೋಟೊ ಹೊಡೆದು ಹಾಕಿರುತ್ತಾರೆ, ಅಂಚಿನಲ್ಲಿ ಅವರ ಹೆಬ್ಬೆರಳು ಸಮೇತ. ಕಥೆ ಹೇಳುವವರಿಗೆ ಸಲಹೆ ಕೊಡುವ ಪುಟಗಳೂ ಇವೆ. ಬಿಸಿನೀರು ಕುಡಿಯಿರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿರಿ, ಕೇಳುಗರ ಸಕ್ರಿಯ ಪಾಲ್ಗೊಳ್ಳುವಿಕೆ ಇರಲಿ ಅಂತೆಲ್ಲ. ಅದಕ್ಕೆ ನಮ್ಮಲ್ಲಿ ಹೂಂ ಅನ್ನುತ್ತಾರೆ ಮಹಾರಾಯರೇ, ಅಂತ ನಾನು ಮಾಳಿಗೆಯ ಮೇಲೆ ಒಬ್ಬಳೇ ಬೈದುಕೊಂಡದ್ದುಂಟು.

ಈ ಸಲ ಹುಡುಕಿದ್ದು ಕಥೆಯನ್ನಲ್ಲ. ಹಗಲು ಕಥೆ ಏಕೆ ಹೇಳಬಾರದು ಅಂತ ಬರೆದೆ. ಜ್ಯೋತಿಷಿಗಳು ಬಂದರು, ವಶೀಕರಣದವರು ಬಂದರು. ಹುಡುಕುತ್ತಾ ಹುಡುಕುತ್ತಾ ಕಥೆ ಹೇಳುವವರೇ ಸೇರಿ ಮಾತಾಡುವ ಒಂದು ಪುಟ ಸಿಕ್ಕಿತು. ದೇಶ ದೇಶದವರು ಬರೆದಿದ್ದರು. ಒಬ್ಬರ ನಾಡಿನಲ್ಲಿ ಹಗಲು ಕಥೆ ಹೇಳಿದರೆ ಹೇಳಿದವರ ತಲೆಗೆ ಕೊಂಬು ಮೂಡುತ್ತದಂತೆ. ಇನ್ನೊಬ್ಬರಲ್ಲಿ ಹಾವು ಮನೆ ಹೊಗುತ್ತದಂತೆ. ಮತ್ತೊಬ್ಬರಲ್ಲಿ ದಾರಿಹೋಕರಿಗೆ ದಾರಿ ಮರೆಯುತ್ತದಂತೆ. ಕೊನೆಗೆ ಯಾರೋ ಬುದ್ಧಿವಂತರು, ಹಗಲು ಹೊಲದ ಕೆಲಸ ಕೆಡಬಾರದೆಂದು ಹಿರಿಯರು ಕಟ್ಟಿದ ಮಾತಿದು ಅಂತ ಬರೆದಿದ್ದರು. ನಿಧಿ ಸಿಕ್ಕಷ್ಟು ಸಂತೋಷವಾಯಿತು ನನಗೆ. ಮರುದಿನ ಮೊದಲ ಬಸ್ಸಿಗೇ ಬಬಲೇಶ್ವರಕ್ಕೆ ಹೋದೆ.

ಓದಿ ಹೇಳಿದೆ. ಅಕ್ಕ ಗಮನವಿಟ್ಟು ಕೇಳಿದಳು. ಕೊಂಬಿನ ಮಾತಿಗೆ ಬಾಯಿಗೆ ಸೆರಗು ಹಿಡಿದಳು, ನಕ್ಕಳೆಂದೇ ತಿಳಿದೆ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದಳು.

“ಅಂದ್ರ ಎಲ್ಲಾ ದೇಶದಾಗೂ ಬ್ಯಾಡ ಅಂತಾರಂದಂಗಾತು?”

“ಅಂತಾರ. ಆದ್ರ ಒಬ್ಬೊಬ್ರು ಒಂದೊಂದ ಅಂತಾರಲ್ಲ ಅಕ್ಕಾ. ಖರೇ ಇದ್ರ ಎಲ್ಲಾರೂ ಒಂದ ಹೇಳಬೇಕಾಗಿತ್ತಿಲ್ಲ?”

“ಅವರ ಊರಾಗ ಹಾವ ಬಂದಿರಬೇಕು, ಹಾವ ಅಂತಾರ. ನಮ್ಮ ಊರಾಗ ಮಾವ ದಾರಿ ತಪ್ಪಿರಬೇಕು. ಜಗತ್ತೆಲ್ಲಾ ಕೂಡಿ ಸುಳ್ಳ ಹೇಳತೈತೇನು? ನಾನ ಒಬ್ಬಾಕಿ ಶಾಣ್ಯಾಕಿ ಆಗಾಕ ಹೋದೆ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಅದುವರೆಗೆ ಅದು ಅವಳ ಮನೆಯ ಮಾತಾಗಿತ್ತು. ನಾನು ಹೋಗಿ ಅದಕ್ಕೆ ಲೋಕದ ಸಾಕ್ಷಿ ಒದಗಿಸಿ ಬಂದಿದ್ದೆ. ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕನಿಗೆ ಇನ್ನೊಂದು ನೆನಪಾಯಿತು.

ಕೆಲವು ವರ್ಷಗಳಿಂದ ನಾನು ಅಕ್ಕನ ಕಥೆಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಕಥೆ ಹೇಳುವವರಿಗೆ ಉಪಯೋಗವಾಗಲೆಂದು ಒಂದು ತಾಣಕ್ಕೆ ಏರಿಸುತ್ತಿದ್ದೆ. ಯಾವುದೋ ಊರಿನ ಟೀಚರುಗಳು ಕೇಳಿ ತಮ್ಮ ಮಕ್ಕಳಿಗೆ ಹೇಳುತ್ತಿದ್ದರು. ನಡುನಡುವೆ ಹಗ್ಗದ ಅಳತೆ ಕೇಳುವ ಆ ಯಜಮಾನರು ಯಾರು ಅಂತ ಬರೆದು ಕೇಳಿದವರೂ ಇದ್ದರು. ಮಾವನಿಗೆ ಅದನ್ನು ಓದಿ ಹೇಳಿದಾಗ ಮೀಸೆ ತಿರುವಿದ್ದ. ಈಗ ಅಕ್ಕ ಅದನ್ನೇ ಕೇಳಿದಳು.

“ನಮ್ಮ ಕಥಿ ಅದರಾಗ ಹಾಕೀದಲ್ಲ, ಆ ಮಂದಿ ಹಗಲ ಕೇಳತಾರೋ, ರಾತ್ರಿ ಕೇಳತಾರೋ?”

ಸುಳ್ಳು ಹೇಳಬಹುದಿತ್ತು. “ಯಾವಾಗ ಬೇಕಂದ್ರ ಅವಾಗ ಕೇಳತಾರ” ಅಂದೆ.

“ಹಂಗಾದ್ರ ನನ್ನ ಧ್ವನಿ ಹಗಲೆಲ್ಲಾ ಕಥಿ ಹೇಳಾಕತ್ತೈತಿ. ತಗದ ಒಗಿ ಬೇ. ಈಗ ತಗಿ, ನನ್ನ ಮುಂದ ತಗಿ.”

ವಾದ ಮಾಡಿದೆ. ಬೇಡಿಕೊಂಡೆ. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಕೇಳಿರಿ ಅಂತ ಮೇಲೆ ಬರೆದು ಹಾಕುತ್ತೇನೆ ಅಂದೆ. ಅವಳು ಅಳಲು ಶುರು ಮಾಡಿದಳು. ಅಲ್ಲೇ ಜಗುಲಿಯ ಮೇಲೆ ಕುಳಿತು ಒಂದೊಂದಾಗಿ ಅಳಿಸಿದೆ. ಖಚಿತವೇ, ಖಚಿತವೇ ಅಂತ ಫೋನು ಕೇಳುತ್ತಾ ಹೋಯಿತು. ಅಕ್ಕನ ಕಥೆ ಮಾತ್ರವಲ್ಲ, ಮಾವನ ಹೂಂ ಕೂಡ ಆ ತಾಣದಿಂದ ಹೋಗುತ್ತಿದೆ ಅಂತ ಅವಳಿಗೆ ಹೊಳೆದಿತ್ತೋ ಇಲ್ಲವೋ, ನಾನಂತೂ ಹೇಳಲಿಲ್ಲ. ನನ್ನ ಫೋನಿನೊಳಗೆ ಪ್ರತಿ ಉಳಿದಿತ್ತು. ಅದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಮೇಲೆ, ಇಂಟರ್ನೆಟ್ಟಿನ ಮೇಲೆ, ಸತ್ತ ಮಾವನ ಮೇಲೆ ಕೂಡ ಸಿಟ್ಟು ಬಂದಿತ್ತು.

ದ್ರಾಕ್ಷಿ ಒಣಗಿಸುವ ಕಾಲಕ್ಕೆ ಟಿಕೋಟಾದ ಒಂದು ಶಾಲೆಯವರು ಕರೆದರು. ಮಕ್ಕಳು ಚೆನ್ನಾಗಿ ಹೂಂಗುಟ್ಟಿದರು. ಮುಗಿದ ಮೇಲೆ ಅಲ್ಲಿಯ ಉರ್ದು ಟೀಚರು ತಟ್ಟೆಯಲ್ಲಿ ಇನ್ನೂ ಪೂರ್ತಿ ಒಣಗದ ದ್ರಾಕ್ಷಿ ತಂದಿಟ್ಟು, ನಗುತ್ತಾ ಪಕ್ಕದಲ್ಲಿ ಕುಳಿತರು.

“ನಮ್ಮನ್ಯಾಗ ಹಗಲ ಕಥಿ ಹೇಳಗೊಡಂಗಿಲ್ರಿ. ಮಾಮೂ ರಸ್ತಾ ಭೂಲ್ ಜಾತೇ ಅಂತಾರ ನಮ್ಮಮ್ಮಿ.”

“ನಮ್ಮಲ್ಲೂ ಮಾವ ದಾರಿ ತಪ್ಪತಾನ ಅಂತಾರ್ರಿ” ಅಂದೆ.

“ಮತ್ತ ನೀವು ದಿನಾ ಹಗಲ ಹೇಳತೀರಲ್ರಿ? ನಿಮ್ಮ ಮಾಮಾ ಆರಾಮ ಅದಾರಿಲ್ರಿ?”

ಪಾಪ, ಆಕೆ ಚೇಷ್ಟೆಗೆ ಕೇಳಿದ್ದು. ಮಾವ ಹೋದದ್ದು ಆಕೆಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಬಾಯಲ್ಲಿದ್ದ ದ್ರಾಕ್ಷಿಯನ್ನು ನನಗೆ ಅಗಿಯಲಿಕ್ಕೂ ಆಗಲಿಲ್ಲ, ಉಗುಳಲಿಕ್ಕೂ ಆಗಲಿಲ್ಲ. ಅಕ್ಕನ ಸೋದರಮಾವ ಅಂದರೆ ನನ್ನ ಸೋದರಮಾವ. ಇಷ್ಟು ದಿನ ಅವನಿಗಾಗಿ ಅಕ್ಕನ ಗಂಡ ಅಂತಲೇ ಅತ್ತಿದ್ದೆ. ಹತ್ತು ವರ್ಷದಿಂದ ಊರೂರ ಶಾಲೆಗಳಲ್ಲಿ ಹಗಲು ಹೊತ್ತು ಕಥೆ ಹೇಳುತ್ತಾ ಬಂದವಳು ನಾನು. ಅವನು ಹೋದ ಹೊತ್ತಿಗೂ ಹೇಳುತ್ತಿದ್ದವಳು ನಾನು. ಅಕ್ಕ ಆಯುಷ್ಯದಲ್ಲಿ ಒಂದೇ ಒಂದು ಹಗಲುಗಥೆ ಹೇಳಿದ್ದಳು, ಅದೂ ಅರ್ಧ.

ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ಅಕ್ಕ ನಂಬುತ್ತಾಳೆ. ಹೇಳಿದರೆ ಅವಳ ಭಾರ ಇಳಿಯಬಹುದು, ಅದು ನನ್ನ ತಲೆಯ ಮೇಲೆ ಬರಬಹುದು, ಅಕ್ಕ ನನ್ನ ಮುಖ ನೋಡದೆಯೂ ಹೋಗಬಹುದು. ಅವ್ವ ಹೋದ ಮೇಲೆ ನನಗೆ ತವರು ಅಂದರೆ ಅಕ್ಕನೇ. ಕೆಲವು ದಿನ ಹೇಳುವುದೋ ಬೇಡವೋ ಅಂತ ಒದ್ದಾಡಿದೆ. ಆಮೇಲೆ ಸೊಸೆಯ ಫೋನು ಬಂತು, ಅತ್ತೆ ಎರಡು ದಿನದಿಂದ ಬರೀ ನೀರು ಕುಡಿಯುತ್ತಿದ್ದಾರೆ ಅಂತ. ಹೊರಟೆ.

ಅಕ್ಕ ಒಲೆಯ ಮುಂದೆ ಇದ್ದಳು. ತಾನು ಉಣ್ಣದಿದ್ದರೂ ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ. ನಾನು ಎದುರಿಗೆ ಕುಳಿತು ಒಂದೇ ಉಸಿರಿಗೆ ಹೇಳಿಬಿಟ್ಟೆ. “ಅಕ್ಕಾ, ಅವಾ ನನಗೂ ಸ್ವಾದರಮಾವ. ಆವತ್ತ ಅದ ಹೊತ್ತಿಗೆ ನಾನೂ ಸಾಲ್ಯಾಗ ಕಥಿ ಹೇಳಾಕತ್ತಿದ್ದೆ.”

ಬಡಿಯುತ್ತಿದ್ದ ಕೈ ನಿಂತಿತು. “ಎಷ್ಟೊತ್ತಿಗೆ ಚಾಲೂ ಮಾಡಿದಿ?”

“ಊಟದ ಗಂಟಿ ಆದಮ್ಯಾಲ.”

“ನಾನೂ ಅವಾಗ.” ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಕೇಳಿದಳು. “ಮುಗಿಸಿದೇನು?”

“ಮುಗಿಸಿದೆ.”

“ನಾ ಫೋನ್ ಹಚ್ಚಾಕತ್ತಿದ್ದೆ. ನೀ ಕಥಿ ಹೇಳಕೋಂತ ಕುಂತಿದ್ದಿ.”

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು, ಇಬ್ಬರೂ ತೆಗೆಯಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಏರುವುದು ಕಂಡಿತು. ಬೈಯಲಿ, ಬೈದು ಹಗುರಾಗಲಿ ಅಂತ ತಲೆ ತಗ್ಗಿಸಿ ಕುಳಿತೆ. ಬೈಗುಳ ಬರಲಿಲ್ಲ.

“ಇಷ್ಟ ವರ್ಷ ಹಗಲ ಹೇಳಿದಿ. ಮಾವ ವಾರಾ ಬ್ಯಾರೆ ಊರ ಸಂತಿಗೆ ಹೋಗಿ ವಾಪಸ್ ಬರ್ತಿದ್ದಾ.”

“ಬರ್ತಿದ್ದಾ.”

“ದಾರಿ ತಪ್ಪಲಿಲ್ಲ.”

“ಇಲ್ಲ.”

“ಇಲ್ಲಾ, ದಿನಾ ಒಂದೀಟ ಒಂದೀಟ ತಪ್ಪಿದ್ನೋ ಏನೋ. ನಮಗ ಕಾಣಲಿಲ್ಲ.” ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಹಂಗಾದ್ರ ಯಾರ ಕಥಿಗೆ ಹ್ವಾದ ಅಂತ ಹೆಂಗ ಗೊತ್ತಾಗಬೇಕು?”

“ಗೊತ್ತಾಗಂಗಿಲ್ಲ ಅಕ್ಕಾ.”

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಸಣ್ಣವರಿದ್ದಾಗ ಅವ್ವ ಕೊಟ್ಟ ಬೆಲ್ಲದುಂಡೆಯನ್ನು ಎರಡು ಮಾಡುವ ಮೊದಲು ಹೀಗೇ ನೋಡುತ್ತಿದ್ದಳು. “ಅರ್ಧಾ ನಂದು, ಅರ್ಧಾ ನಿಂದು” ಅಂದಳು. ಸೀದ ರೊಟ್ಟಿಯನ್ನು ತೆಗೆದು ಮುರಿದು, ಒಂದು ತುಂಡು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡಳು. ಅವಳು ತಿನ್ನುವುದನ್ನು ನೋಡಿ ನನಗೆ ಸಮಾಧಾನವಾಯಿತು, ನನ್ನ ತುಂಡನ್ನು ಮಾತ್ರ ಕೈಯಲ್ಲೇ ಹಿಡಿದು ಕುಳಿತೆ.

ಸಂಜೆ ದೀಪ ಹಚ್ಚಿದಳು. ಮಗ ಅಂಗಡಿ ಮುಚ್ಚಿ ಬಂದ. ಯಾರೂ ಕೇಳದೆಯೇ ಅಕ್ಕ ಖಾಲಿ ಮಂಚದ ಪಕ್ಕ ಕುಳಿತು ಕಥೆ ಎತ್ತಿದಳು. ಮೊದಲಿನಿಂದಲ್ಲ, ಬಿಟ್ಟಲ್ಲಿಂದ. “ಗಂಡ ಹಗೇವ್ನ ಬಾಯಾಗ ನಿಂತ ಹಗ್ಗಾ ಇಳಿಬಿಟ್ಟಾ” ಅಂದು ಅಲ್ಲಿಗೇ ನಿಲ್ಲಿಸಿದಳು.

“ಎಷ್ಟ ಮಾರಿನ ಹಗ್ಗ?” ಅಂತ ನಾನು ಕೇಳಿದೆ.

ಅಕ್ಕ ಬಾಯಿಬಿಟ್ಟು ಅತ್ತಳು. ಸೊಸೆ ಓಡಿ ಬಂದಳು. ಅತ್ತು ಮುಗಿಸಿ, “ಹನ್ನೆರಡ ಮಾರಿಂದು. ಸಾಲಲಿಲ್ಲ” ಅಂದಳು. ಕೆಳಗಿದ್ದವಳಿಗೆ ಗಂಡನ ಕೂಗು ಕೇಳಿತು, ಆದರೆ ಯಾರೂ ಕರೆಯದ ಊರಲ್ಲಿ ಇದ್ದು ಇದ್ದು ಹೂಂ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಪ್ರಯತ್ನಪಟ್ಟು ಒಂದು ಹೂಂ ಅಂದಳು, ಹಗ್ಗ ಒಂದು ಮಾರು ಇಳಿಯಿತು. ಇನ್ನೊಂದು ಅಂದಳು, ಇನ್ನೊಂದು ಮಾರು. ಹಾಗೆ ಅನ್ನುತ್ತಾ ಅನ್ನುತ್ತಾ ಕೈಗೆ ಹಗ್ಗ ಸಿಕ್ಕಿತು, ಹತ್ತಿ ಬಂದಳು. ಕಥೆ ಮುಗಿಯುವವರೆಗೂ ನಾನು ಹೂಂ ಅಂದೆ.

ಅಕ್ಕ ಈಗ ಉಣ್ಣುತ್ತಾಳೆ. ಸಂಜೆ ಮೊಮ್ಮಕ್ಕಳಿಗೆ ಕಥೆ ಹೇಳುತ್ತಾಳೆ. ಅಳಿಸಿದ ಕಥೆಗಳನ್ನು ಮತ್ತೆ ಏರಿಸು ಅಂತ ಮಾತ್ರ ಹೇಳಿಲ್ಲ, ನಾನೂ ಕೇಳಿಲ್ಲ. ಅವಳ ಪಾಲಿನ ಅರ್ಧವನ್ನು ಹೇಗೆ ಹೊತ್ತಿದ್ದಾಳೋ ಗೊತ್ತಿಲ್ಲ. ನನ್ನ ಪಾಲಿನದು ನನ್ನನ್ನು ಬಿಡಲಿಲ್ಲ. ನಂಬದವಳಿಗೆ ಯಾಕೆ ಹೀಗಾಗಬೇಕು ಅಂತ ನನ್ನ ಮೇಲೆ ನನಗೇ ರೇಗುತ್ತದೆ.

ಯಾಕೆಂದರೆ ನಮಗೆ ಇನ್ನೊಬ್ಬ ಮಾವನಿದ್ದಾನೆ, ಅವ್ವನ ಕೊನೆಯ ತಮ್ಮ. ಕನಮಡಿಯಲ್ಲಿ ಇರುತ್ತಾನೆ, ಕುರಿ ವ್ಯಾಪಾರಕ್ಕೆ ಮೋಟಾರ್ ಸೈಕಲ್ ಮೇಲೆ ಊರೂರು ಸುತ್ತುತ್ತಾನೆ. ಅದಾದ ಮೇಲೆ ಮೊದಲ ಸಲ ನಾನು ಕಥೆಗೆಂದು ಹೋದದ್ದು ನಮ್ಮ ಓಣಿಗೆ ಹತ್ತಿರದ ಶಾಲೆಗೆ. ಮಕ್ಕಳು ಕುಳಿತಿದ್ದರು. ಹೊರಗೆ ಬಿಸಿಲು ರಣರಣ ಅನ್ನುತ್ತಿತ್ತು. ಕಥೆ ಎತ್ತುವ ಮೊದಲೇ, ಈ ಮಾವ ಈಗ ಯಾವ ದಾರಿಯಲ್ಲಿದ್ದಾನೋ ಅನ್ನಿಸಿತು. ಮಕ್ಕಳಿಗೆ ಒಂದು ಹಾಡು ಹಾಡಲು ಹೇಳಿ ವರಾಂಡಕ್ಕೆ ಬಂದು ಕನಮಡಿ ಮಾವನಿಗೆ ಫೋನು ಹಚ್ಚಿದೆ.

“ಎಲ್ಲಿ ಅದೀರಿ ಮಾಮಾ?”

“ಟಿಕೋಟಾ ದಾಟೇನಿ, ಗಾಡಿ ಮ್ಯಾಲ ಅದೇನಿ. ಯಾಕ?”

“ಏನಿಲ್ರಿ. ಸಾವಕಾಶ ಹೋಗ್ರಿ.”

ಒಳಗೆ ಬಂದೆ. ಒಂದು ಹಾಡು ಮುಗಿಯಿತು, ಇನ್ನೊಂದು ಹಾಡಿಸಿದೆ. ಒಗಟು ಕೇಳಿದೆ. ಕಥಿ ಯಾವಾಗ್ರಿ ಅಂತ ಮಕ್ಕಳು ಗದ್ದಲ ಎಬ್ಬಿಸಿದರು, ಟೀಚರು ಗಡಿಯಾರ ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಫೋನನ್ನು ಚೀಲದಲ್ಲಿಡದೆ ಕೈಯಲ್ಲೇ ಹಿಡಿದು ನಿಂತಿದ್ದೆ. ಅದು ಗುರ್ ಅಂದ ಕೂಡಲೇ ಎಲ್ಲರ ಎದುರಿಗೇ ಎತ್ತಿದೆ.

“ನಿಮ್ಮಕ್ಕಗ ಫೋನ್ ಮಾಡಿದ್ದೆ, ನನಗ ಎಲ್ಲಾ ಹೇಳ್ಯಾಳ ಬೇ” ಅಂದ ಮಾವ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. “ಹೂಂ, ಮನಿ ಮುಟ್ಟೇನಿ. ಇನ್ನ ನೀ ಕಥಿ ಚಾಲೂ ಮಾಡ.”